ಕೋಲ್ಡ್ ಸ್ಟೋರಿನ ಮುನಿತಾಯಕ್ಕ

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಎರಡು ಸ್ವೆಟರು, ಕತ್ತಿಗೊಂದು ಮಫ್ಲರು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ರಾಗಿಮುದ್ದೆ ನುಂಗುತ್ತ ಕೂತ ಹೆಂಗಸನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಮೊದಲನೇ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಆಕೆಯ ಜೊತೆ ಜಗಳಕ್ಕೆ ಹೋಗಿದ್ದೇನೆ.

ಜಗಳಕ್ಕೆ ಕಾರಣವಿತ್ತು. ನಾವು ಮಾಲೂರಿನ ಕಡೆಯವರು. ನನ್ನ ಗಂಡನಿಗೆ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಪಕ್ಕದ ಮತ್ತಿಗಿರಿಯಲ್ಲಿ ಮನೆ ಮಾಡಿದೆವು. ಚಳಿಗಾಲದಲ್ಲಿ ನೋಡಿದಾಗ ಚಿನ್ನದಂಥ ಮನೆ. ಬೇಸಿಗೆ ಬಂದ ಮೇಲೆ ಗುಟ್ಟು ಬಯಲಾಯಿತು. ನಮ್ಮ ಅಡುಗೆಮನೆಯ ಕಿಟಕಿಯಾಚೆ ಒಂದು ಕೋಲ್ಡ್ ಸ್ಟೋರು. ಸುತ್ತಮುತ್ತಲ ಬೆಳೆಗಾರರು ಗುಲಾಬಿಯನ್ನೂ ಕೋಸು, ಬೀನ್ಸು, ಕ್ಯಾರೆಟ್ಟುಗಳನ್ನೂ ತಂದು ಇಡುವ ಜಾಗ. ಅದರ ಮಿಷಿನ್ನಿನ ದೊಡ್ಡ ಫ್ಯಾನುಗಳು ಸರಿಯಾಗಿ ನಮ್ಮ ಕಿಟಕಿಗೇ ಮುಖ ಮಾಡಿಕೊಂಡಿದ್ದವು. ಮಧ್ಯಾಹ್ನವಾದರೆ ಸಾಕು, ಒಲೆಯ ಬಾಯಿಂದ ಬಂದಂಥ ಗಾಳಿ ಮನೆಯೊಳಕ್ಕೆ ನುಗ್ಗುತ್ತಿತ್ತು. ಕಿಟಕಿ ಮುಚ್ಚಿದರೆ ಉಸಿರುಗಟ್ಟುತ್ತದೆ, ತೆಗೆದರೆ ಮೈ ಬೇಯುತ್ತದೆ. ತೊಟ್ಟಿಲಲ್ಲಿದ್ದ ನನ್ನ ಮಗಳಿಗೆ ಆಗ ನಾಲ್ಕು ತಿಂಗಳು. ಮೈಯೆಲ್ಲ ಬೆವರುಸಾಲೆ ಎದ್ದು, ಕಣ್ಣು ಮುಚ್ಚದೆ, ಅತ್ತು ಅತ್ತು ಅದರ ದನಿಯೇ ಬಿದ್ದುಹೋಗಿತ್ತು. ಬಾಣಂತನ ಮುಗಿಸಿ ಬಂದವಳಿಗೆ ಇನ್ನೊಂದು ಮನೆ ಹುಡುಕುವ ತ್ರಾಣವಿರಲಿಲ್ಲ. ಸಿಟ್ಟಿಗೆ ಮಾತ್ರ ಏನೂ ಕಡಿಮೆ ಇರಲಿಲ್ಲ.

"ಯಾರಿಲ್ಲಿ ಯಜಮಾನ್ರು? ನಿಮ್ಮ ಮಿಷಿನ್ನು ನನ್ನ ಮಗೂನ ಬೇಯಿಸ್ತಾ ಇದೆ," ಎಂದು ಗೇಟಿನಲ್ಲೇ ನಿಂತು ಕೂಗಿದೆ.

ಆಕೆ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿ, ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದರು. "ಯಜಮಾನ್ರು ಸಾಯಂಕಾಲ ಬತ್ತಾರೆ. ಮಗ ಎಲ್ಲೈತೆ? ನಡಿ, ತೋರ್ಸು."

ಜಗಳವಾಡಲು ಬಂದವಳಿಗೆ ಎದುರಾಳಿಯೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರೆ ಏನು ಮಾಡುವುದು? ತೆಪ್ಪಗೆ ಹಿಂದೆ ಹೋದೆ. ಆಕೆಯ ಹೆಸರು ಮುನಿತಾಯಮ್ಮ, ಕೋಲ್ಡ್ ಸ್ಟೋರಿನ ಬಾಗಿಲು ಕಾಯುವವರು, ಗೇಟಿನ ಪಕ್ಕದ ಒಂಟಿ ರೂಮಿನಲ್ಲೇ ವಾಸ ಎನ್ನುವುದೆಲ್ಲ ದಾರಿಯಲ್ಲಿ ತಿಳಿಯಿತು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಂಚೆಟ್ಟಿಯ ಆಚೆ ಕಾಡಿನಂಚಿನ ಊರಿನಲ್ಲಿ ತಮ್ಮನೊಬ್ಬನಿದ್ದ. ಅದು ಬಿಟ್ಟರೆ ಆಕೆಗೆ ಈ ರೂಮೇ ಮನೆ.

ನಮ್ಮ ಅಡುಗೆಮನೆಯಲ್ಲಿ ಕಿಟಕಿಯ ಎದುರು ನಿಂತದ್ದೇ ಮುನಿತಾಯಕ್ಕನ ಮುಖ ಸಣ್ಣಗಾಯಿತು. ಅಷ್ಟು ವರ್ಷ ಅಲ್ಲಿ ದುಡಿದಿದ್ದರೂ ಆಕೆ ಮಿಷಿನ್ನಿನ ಈ ಬದಿಗೆ ಒಮ್ಮೆಯೂ ಬಂದಿರಲಿಲ್ಲವಂತೆ. ಕ್ಯಾಪು ತೆಗೆದರು, ಮಫ್ಲರು ಬಿಚ್ಚಿದರು. "ಅಯ್ಯೋ ನನ್ ತಾಯಿ. ಹೂವ ತಣ್ಣಗಿಡ್ತೀವಿ ಅಂತ ಒಳ್ಗಿನ್ ಬಿಸೀನೆಲ್ಲ ತಗ್ದು ನಿಮ್ ಮನೇಗ್ ಸುರೀತಾ ಇದೀವಲ್ಲ," ಎಂದರು.

ತೊಟ್ಟಿಲ ಹತ್ತಿರ ಹೋದವರು ಮಗುವನ್ನು ಮುಟ್ಟಲಿಲ್ಲ. ವಾಪಸು ಕಿಟಕಿಗೆ ಬಂದು, ಎರಡೂ ಅಂಗೈಗಳನ್ನು ಆ ಬಿಸಿಗಾಳಿಗೆ ಒಡ್ಡಿ, ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಅದರ ಹಣೆಯ ಮೇಲೆ ಕೈಯಿಟ್ಟರು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

"ಬಿಸಿ ಎಲ್ಗೂ ಹೋಗಕಿಲ್ಲ ಕಣಮ್ಮ," ಎಂದರು ಹೊರಡುವಾಗ. "ಪಕ್ಕದ್ ಮನೇಗ್ ಹೋಯ್ತದೆ, ಅಷ್ಟೆ."

ನಾನು ಶಾಲೆಯಲ್ಲಿ ವಿಜ್ಞಾನ ಓದಿದವಳೇ. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆ ಹೊರಗೆ ಅಂದರೆ ಯಾರದೋ ಅಡುಗೆಮನೆ ಎನ್ನುವುದು ಮಾತ್ರ ಪಾಠದಲ್ಲಿ ಇರಲಿಲ್ಲ.

ಮಾರನೆಯ ಮಧ್ಯಾಹ್ನ ಹನ್ನೆರಡಕ್ಕೆ ಮಿಷಿನ್ನು ನಿಂತಿತು. ಕರೆಂಟು ಹೋಯಿತೇನೋ ಎಂದುಕೊಂಡರೆ ನಮ್ಮ ಫ್ಯಾನು ತಿರುಗುತ್ತಲೇ ಇತ್ತು. ಆ ಸದ್ದಿಲ್ಲದ ಹೊತ್ತಿನಲ್ಲಿ ಮಗು ಒಮ್ಮೆ ಮುಲುಕಿ, ಮುಷ್ಟಿ ಸಡಿಲಿಸಿ, ನಿದ್ದೆಹೋಯಿತು. ನಾನೂ ಅದರ ಪಕ್ಕದಲ್ಲಿ ನೆಲದ ಮೇಲೆ ಬಿದ್ದುಕೊಂಡೆ. ಎದ್ದಾಗ ಮೂರು ಗಂಟೆ. ಆಗಷ್ಟೇ ಮಿಷಿನ್ನು ಮತ್ತೆ ಗುರ್ ಎನ್ನಲು ಶುರುಮಾಡಿತ್ತು. ಓಡಿಹೋಗಿ ಕೇಳಿದೆ, "ಅಕ್ಕಾ, ಒಳಗಿರೋದು ಕೆಡಲ್ವಾ?"

"ನಿನ್ ಮಗೀಗೆ ಹೊಟ್ಟೆ ತುಂಬ ಹಾಲು ಕುಡ್ಸಿ ಮಲಗ್ಸಿದ್ರೆ ಮದ್ಯದಲ್ಲಿ ಎದ್ದು ಅಳ್ತದಾ? ರೂಮೂ ಹಂಗೇಯ. ಬೆಳಿಗ್ಗೆ ತಂಪೊತ್ತಲ್ಲೇ ಚೆನ್ನಾಗಿ ಕೂಲಿಂಗ್ ಕುಡ್ಸಿದೀನಿ. ಬಾಗ್ಲು ಒಂದ್ ತೆಗೀಬಾರ್ದು. ಮೂರ್ ಗಂಟೆವರ್ಗೂ ತಡ್ಕಂತದೆ."

ಅಂದಿನಿಂದ ಅದೇ ಪದ್ಧತಿಯಾಯಿತು. ಸರಕು ತರುವವರು ಹನ್ನೆರಡರೊಳಗೆ ತರಬೇಕು, ಇಲ್ಲವೇ ಮೂರರ ಮೇಲೆ ಬರಬೇಕು. ನಡುವೆ ಬಂದವರಿಗೆ ಆಕೆ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಹೇಳುತ್ತಿದ್ದುದು ಒಂದೇ ಮಾತು: "ಪಾಪು ಮಲ್ಗೈತೆ. ಆಮೇಕ್ ಬನ್ನಿ." ತಮಿಳಿನವರು ಬಂದರೆ ತಮಿಳಿನಲ್ಲಿ, ತೆಲುಗಿನವರು ಬಂದರೆ ತೆಲುಗಿನಲ್ಲಿ ಇದನ್ನೇ ಹೇಳುವರು. ಒಮ್ಮೆ ಜೂಜುವಾಡಿಯ ಕಡೆಯಿಂದ ಕೋಸು ತುಂಬಿಕೊಂಡು ಬಂದ ಲಾರಿ ಡ್ರೈವರೊಬ್ಬ ಇದನ್ನು ಕೇಳಿ ಬೆವತುಹೋದ. ಇವರು ಮಗುವನ್ನು ಕೋಲ್ಡ್ ಸ್ಟೋರಿನೊಳಗೇ ಮಲಗಿಸಿದ್ದಾರೆ ಎಂದು ತಿಳಿದು, "ಅಮ್ಮಾ ಬಾಗಿಲು ತೆಗಿ, ಮಗು ಸತ್ತೋಯ್ತದೆ," ಎಂದು ಬಾಗಿಲು ಬಡಿಯತೊಡಗಿದ. "ನಿನ್ ತಲೆ. ಮಗ ಹಿಂದ್ಗಡೆ ಮನೇಲೈತೆ. ನೀನು ಕಿರ್ಚಿದ್ರೆ ಎದ್ದೋಯ್ತದೆ, ಸುಮ್ಕಿರ್ಲಾ," ಎಂದು ಅಕ್ಕ ಅವನನ್ನು ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು.

ಓನರ್ ಶ್ರೀನಿವಾಸಲು ಒಂದು ಮಧ್ಯಾಹ್ನ ಹೇಳದೆ ಬಂದು ಮಿಷಿನ್ನು ಸುಮ್ಮನಿದ್ದುದನ್ನು ಕಂಡರು. ಅಕ್ಕ ಇದ್ದುದನ್ನು ಇದ್ದಂತೆಯೇ ಹೇಳಿದರು. ಅವರು ಬಾಗಿಲ ಪಕ್ಕದ ಮೀಟರಿನಲ್ಲಿ ಒಳಗಿನ ತಂಪು ಎಷ್ಟಿದೆ ಎಂದು ಬಗ್ಗಿ ನೋಡಿ, ಮೀಸೆ ತೀಡಿಕೊಂಡು ಹೋದರು. ಬೈಯದೆ ಹೋದರಲ್ಲ, ಅದನ್ನೇ ನಾವು ಒಪ್ಪಿಗೆ ಅಂದುಕೊಂಡೆವು. ಬೆಳೆಗಾರರಲ್ಲಿ ಕೆಲವರು ಮಾತ್ರ ಒಳಗೊಳಗೇ ಗೊಣಗುತ್ತಿದ್ದರು.

ಆಕೆಗೆ ಕೋಲ್ಡ್ ಸ್ಟೋರಿನ ಮೇಲೆ ಎಂಥ ಮಮತೆ ಎಂದರೆ, ಅದನ್ನು ಬೈದರೆ ತಮ್ಮನ್ನೇ ಬೈದಂತೆ ಮುಖ ಊದಿಸಿಕೊಳ್ಳುತ್ತಿದ್ದರು. ಗಂಡ ಬದುಕಿದ್ದಾಗ ಬಾಗಲೂರಿನ ಕಡೆ ಗುತ್ತಿಗೆಗೆ ಭೂಮಿ ಮಾಡಿ ಟೊಮೇಟೊ ಬೆಳೆದಿದ್ದರಂತೆ. ಕೊಳ್ಳುವವರಿಲ್ಲದೆ ಇಡೀ ಗಾಡಿ ಹಣ್ಣನ್ನು ರಸ್ತೆ ಪಕ್ಕ ಸುರಿದು ಬಂದದ್ದನ್ನು ಹೇಳುವಾಗ ಆಕೆಯ ದನಿ ಇಳಿಯುತ್ತಿತ್ತು. "ದನಾನೂ ತಿಂದು ತಿಂದು ಬ್ಯಾಡ ಅಂತ ಮುಖ ತಿರುಗ್ಸಿದ್ವು ಕಣಮ್ಮ. ತಣ್ಣಗಿಡಕ್ಕೆ ಒಂದ್ ಜಾಗ ಇದ್ದಿದ್ರೆ ಎರಡ್ ದಿನ ಮರ್ಯಾದೆ ಉಳೀತಿತ್ತು ಹಣ್ಣಿಗೆ." ಹಣ್ಣಿನ ಮರ್ಯಾದೆ ಎಂದರು, ತಮ್ಮದು ಎನ್ನಲಿಲ್ಲ.

ಅದೇ ಮುನಿತಾಯಕ್ಕ ನಮ್ಮ ಮನೆಗೆ ಬಂದರೆ ಮೊದಲು ನನ್ನ ಫ್ರಿಜ್ಜಿನ ಬಾಗಿಲು ತೆಗೆಯುತ್ತಿದ್ದರು. ಅತ್ತೆ ಬಂದು ನೋಡಿದರೂ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬಾಡಿದ ಕೊತ್ತಂಬರಿ, ಮೊನ್ನೆಯ ಸಾರು, ಅರ್ಧ ಕೊಯ್ದು ಮರೆತ ಸೌತೆಕಾಯಿ, ತಳದಲ್ಲಿ ಏನಿತ್ತೆಂದು ನನಗೇ ಗೊತ್ತಿಲ್ಲದ ಒಂದು ಡಬ್ಬಿ, ಎಲ್ಲವನ್ನೂ ಒಂದೊಂದಾಗಿ ಕಟ್ಟೆಯ ಮೇಲೆ ಜೋಡಿಸಿ, "ಈ ಪೆಟ್ಗೆ ಇರೋದು ಉಳ್ಸಕ್ಕೆ ಕಣಮ್ಮ, ಮರೆಯಕ್ಕಲ್ಲ," ಎನ್ನುವರು. ಆಮೇಲೆ ತಾವೇ ಕೂತು ಸೌತೆಕಾಯಿಯನ್ನೂ ಕೊತ್ತಂಬರಿಯನ್ನೂ ಹಾಕಿ ಹುಳಿ ಮಾಡಿಟ್ಟು ಹೋಗುವರು. ನನಗೆ ನಾಚಿಕೆಯೂ ಆಗುತ್ತಿತ್ತು, ಹುಳಿ ಚೆನ್ನಾಗಿರುತ್ತಿದ್ದುದರಿಂದ ಖುಷಿಯೂ ಆಗುತ್ತಿತ್ತು.

ಒಮ್ಮೆ ಮಿಷಿನ್ನು ರಿಪೇರಿಗೆ ಬಂದ ಮೆಕ್ಯಾನಿಕ್ಕು ಹಳೆಯ ಗ್ಯಾಸನ್ನು ಸುಯ್ಯೆಂದು ಗಾಳಿಗೆ ಬಿಟ್ಟ. ನಾನು ಕಿಟಕಿಯಲ್ಲಿದ್ದೆ. ಅದು ಎಲ್ಲಿಗೆ ಹೋಗುತ್ತದೆಂದು ಅಕ್ಕ ಕೇಳಿದರು. ಮೇಲಕ್ಕೆ ಎಂದು ಅವನು ಆಕಾಶ ತೋರಿಸಿದ. "ಮೇಲ್ಗಡೆ ಯಾರ್ ಮನೆ ಐತೆ?" ಎಂದರು ಅಕ್ಕ. ಅವನು ನಕ್ಕುಬಿಟ್ಟ. ನಾನೂ ನಕ್ಕೆ. ಆಕೆ ನಗಲಿಲ್ಲ. ಬಹಳ ಹೊತ್ತು ಮೇಲೆ ನೋಡುತ್ತ ನಿಂತಿದ್ದರು. ಈಗ ಹೊಸೂರಿನಲ್ಲಿ ಮನೆಮನೆಗೂ ಎ.ಸಿ. ಬಂದು, ಪ್ರತಿ ಗೋಡೆಯೂ ಪಕ್ಕದ ಗೋಡೆಗೆ ಬಿಸಿ ಉಗುಳುವುದನ್ನು ನೋಡುವಾಗ ನನಗೆ ಆ ಪ್ರಶ್ನೆ ನೆನಪಾಗುತ್ತದೆ.

ಇನ್ನು ಆ ಮಾವಿನಹಣ್ಣಿನ ಸಂಗತಿ. ಹೇಳದೆ ಬಿಟ್ಟರೆ ಮುನಿತಾಯಕ್ಕನ ಬಗ್ಗೆ ಏನೂ ಹೇಳಿದ ಹಾಗಾಗುವುದಿಲ್ಲ.

ಮಗುವಿಗೆ ಆರು ತಿಂಗಳು ತುಂಬುತ್ತ ಬಂದಿತ್ತು. ಅನ್ನ ತಿನ್ನಿಸುವ ಶಾಸ್ತ್ರಕ್ಕೆ ಮುಂದಿನ ವಾರ ದಿನ ನೋಡಿದ್ದೆವು. ಅದೇ ಹೊತ್ತಿಗೆ ಕೃಷ್ಣಗಿರಿಯ ಕಡೆ ಮಾವಿನ ತೋಪಿಗೆ ಕೂಲಿಗೆ ಹೋಗಿದ್ದ ಅಕ್ಕನ ತಮ್ಮ ಒಂದು ಬುಟ್ಟಿ ಹಣ್ಣು ತಂದುಕೊಟ್ಟ. ಮಗು ಮೊದಲು ರುಚಿ ನೋಡುವುದು ಈ ಹಣ್ಣಿನ ರಸವನ್ನೇ ಆಗಬೇಕು ಎಂದು ಆಕೆಗೆ ಆಸೆ. ಹಣ್ಣೋ ಕಳಿತು ಘಮಘಮ ಅನ್ನುತ್ತಿತ್ತು. ವಾರ ತಡೆಯುವಂತಿರಲಿಲ್ಲ. ಆಕೆ ಏನು ಮಾಡಿದರು? ನನಗೂ ಹೇಳದೆ ಬುಟ್ಟಿಗೆ ಒದ್ದೆ ಗೋಣಿತಾಟು ಸುತ್ತಿ, ಸ್ಟೋರಿನೊಳಗೆ ಗುಲಾಬಿಗೆಂದೇ ಇದ್ದ ರೂಮಿನ ಮೂಲೆಯಲ್ಲಿ ಡಬ್ಬಗಳ ಹಿಂದೆ ಬಚ್ಚಿಟ್ಟುಬಿಟ್ಟರು.

ಹೂವಿನ ರೂಮಿಗೆ ಹಣ್ಣು ತರಬಾರದು ಎನ್ನುವುದು ಅಲ್ಲಿನ ಮೊದಲ ಕಟ್ಟಳೆ. ಹಣ್ಣು ಕಳಿಯುವಾಗ ಬಿಡುವ ಗಾಳಿ ತಗುಲಿದರೆ ಹೂವು ಬೇಗ ಮುದಿಯಾಗುತ್ತದೆ. ಲೋಡು ಮಾಡುವವರ ಊಟದ ಡಬ್ಬಿಯಲ್ಲಿ ಬಾಳೆಹಣ್ಣಿದ್ದರೂ ಬಾಗಿಲಲ್ಲೇ ತಡೆದು ಬೈಯುತ್ತಿದ್ದವರು ಇದೇ ಅಕ್ಕ. ಮುಚ್ಚಿಟ್ಟರೆ ವಾಸನೆ ಹರಡುವುದಿಲ್ಲ, ವಾಸನೆ ಹರಡದಿದ್ದರೆ ಹೂವಿಗೆ ಏನೂ ಆಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಪ್ರೀತಿ ಬಂದರೆ ಬುದ್ಧಿ ಸ್ವಲ್ಪ ಆಚೆ ಹೋಗಿ ಕೂರುತ್ತದೆ, ನಮ್ಮೆಲ್ಲರದೂ ಅಷ್ಟೇ.

ಅದು ಮದುವೆಗಳ ಕಾಲ. ರೂಮಿನ ತುಂಬ ಮೊಗ್ಗಿನ ಗುಲಾಬಿ. ನಾಲ್ಕೈದು ದಿನಗಳಲ್ಲಿ ಡಬ್ಬ ತೆರೆದು ನೋಡಿದರೆ ಮೊಗ್ಗುಗಳೆಲ್ಲ ಬಾಯಿಬಿಟ್ಟು, ಎಲೆ ಹಳದಿಯಾಗಿ, ಮುಟ್ಟಿದರೆ ಎಸಳು ಕೈಗೆ ಬರುತ್ತಿದ್ದವು. ಬೆಳೆಗಾರರು ಓಡಿಬಂದರು. ಶ್ರೀನಿವಾಸಲು ಬಂದರು, ಮೆಕ್ಯಾನಿಕ್ಕೂ ಬಂದ. ಎಲ್ಲರೂ ನಿಂತದ್ದು ಮಿಷಿನ್ನಿನ ಹತ್ತಿರ, ಅಂದರೆ ನನ್ನ ಕಿಟಕಿಯ ಕೆಳಗೆ. ನಾನು ಮಗುವನ್ನು ಎತ್ತಿಕೊಂಡು ಒಳಗೆ ನಿಂತಿದ್ದೆ. ಒಂದೊಂದು ಮಾತೂ ಕೇಳುತ್ತಿತ್ತು.

"ಮದ್ಯಾನ ಮಿಷಿನ್ ನಿಲ್ಸಿದ್ರೆ ಇನ್ನೇನಾಯ್ತದೆ?" ಎಂದ ಒಬ್ಬ ಬೆಳೆಗಾರ. "ಯಾರ್ದೋ ಮಗ ಮಲಗ್ಬೇಕು ಅಂತ ನಮ್ ಹೂವು ಸಾಯ್ಬೇಕಾ?"

ಅವನ ಮಾತಿನಲ್ಲಿ ತಪ್ಪೇನಿತ್ತು? ಅವನೂ ಆ ಹೂವುಗಳನ್ನು ಮಗುವಿನ ಹಾಗೇ ಸಾಕಿದ್ದ. ಮೆಕ್ಯಾನಿಕ್ಕು ಮಿಷಿನ್ನು ತಟ್ಟಿ ನೋಡಿ, ಮಿಷಿನ್ನಿನಲ್ಲಿ ಏನೂ ದೋಷ ಕಾಣಿಸುವುದಿಲ್ಲ, ಹೀಗೆ ನಿಲ್ಲಿಸುವುದರಿಂದಲೇ ಇರಬಹುದು ಎಂದ. ಶ್ರೀನಿವಾಸಲು ನಿಟ್ಟುಸಿರು ಬಿಟ್ಟು ಹೇಳಿದರು, "ಸರಿ. ಇವತ್ತಿಂದ ನಿಲ್ಸೋದು ಬಂದ್. ಹಗಲೆಲ್ಲ ಓಡ್ಲಿ."

ಮಳೆ ಬರಲು ಇನ್ನೂ ದಿನಗಳಿದ್ದವು. ಮತ್ತೆ ಆ ಮಧ್ಯಾಹ್ನಗಳು, ಮತ್ತೆ ಆ ಅಳು.

ಮುನಿತಾಯಕ್ಕ ಸುಮ್ಮನಿದ್ದರೆ ಸಾಕಿತ್ತು. ಬುಟ್ಟಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ತೆಗೆದು ಆಚೆ ಎಸೆದಿದ್ದರೆ ಕೆಲಸವೂ ಉಳಿಯುತ್ತಿತ್ತು, ವಾಸದ ರೂಮೂ ಉಳಿಯುತ್ತಿತ್ತು. ಆಕೆ ಒಳಗೆ ಹೋದರು. ಬುಟ್ಟಿ ತಂದು ಎಲ್ಲರ ನಡುವೆ ಇಟ್ಟು ಗೋಣಿತಾಟು ಬಿಚ್ಚಿದರು. ಅಷ್ಟು ಚಳಿ ಮಾವಿನಹಣ್ಣಿಗೂ ಆಗದು. ಸಿಪ್ಪೆಯೆಲ್ಲ ಕಪ್ಪಗಾಗಿತ್ತು.

"ಮಿಷಿನ್ ನಿಲ್ಸಿದ್ದಕ್ಕಲ್ಲ ಸ್ವಾಮಿ. ಇದ್ರಿಂದ. ನಾನೇ ಇಟ್ಟಿದ್ದು."

ಮೆಕ್ಯಾನಿಕ್ಕು ಬಗ್ಗಿ ಒಂದು ಹಣ್ಣು ಮೂಸಿ ನೋಡಿ, ಹೌದು, ಇದೇ ಕಾರಣ ಎಂಬಂತೆ ತಲೆಯಾಡಿಸಿದ.

"ಮುನಿತಾಯಿ, ಊರೋರ್ಗೆಲ್ಲ ಬುದ್ಧಿ ಹೇಳೋಳು ನೀನು. ನೀನೇ ಇಂಗ್ ಮಾಡಿದ್ಯಲ್ಲ," ಎಂದರು ಶ್ರೀನಿವಾಸಲು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ದನಿಯಲ್ಲಿ.

"ಮಾಡ್ಬುಟ್ಟೆ. ಮುಚ್ಚಿಟ್ರೆ ಏನಾಗಕಿಲ್ಲ ಅಂದ್ಕಂಡೆ. ಹೂವಿನೋರ್ ಮುಖ ನೋಡಕ್ಕಾಯ್ತಾ ಇಲ್ಲ ನಂಗೆ." ಸೊಂಟದಿಂದ ಬೀಗದ ಕೈ ಬಿಚ್ಚಿ ಅವರ ಕೈಗಿಟ್ಟರು. "ನನ್ನ ಕಳ್ಸಿ. ಮದ್ಯಾನದ್ ಹೊತ್ತು ಮಾತ್ರ ಹಂಗೇ ನಿಲ್ಸಿ ಸ್ವಾಮಿ. ಅದ್ರದ್ದೇನೂ ತಪ್ಪಿಲ್ಲ."

ಶ್ರೀನಿವಾಸಲು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಅಷ್ಟು ಜನರ ಹೂವು ಹಾಳಾದ ಮೇಲೆ ಆಕೆಯನ್ನು ಅಲ್ಲೇ ಇಟ್ಟುಕೊಳ್ಳುವುದು ಅವರಿಂದಲೂ ಆಗುವ ಮಾತಲ್ಲ.

ಮಾರನೆಯ ಬೆಳಿಗ್ಗೆ ಒಂದು ಕೈಚೀಲ ಹಿಡಿದುಕೊಂಡು ಆಕೆ ನಮ್ಮ ಬಾಗಿಲಿಗೆ ಬಂದರು. ನಾನು ಅತ್ತುಬಿಟ್ಟೆ. ನಮ್ಮ ಜೊತೆಗೇ ಇರಿ ಎಂದು ಬೇಡಿಕೊಂಡೆ. "ಹುಚ್ಚಿ. ನಿಮ್ಗೇ ಕಾಲು ಚಾಚಕ್ಕೆ ಜಾಗ ಇಲ್ಲ. ತಮ್ಮ ಅವ್ನೆ, ಬತ್ತೀನಿ," ಎಂದು ಮಗುವಿನ ಅಂಗಾಲಿಗೊಂದು ಮುತ್ತು ಕೊಟ್ಟು ಬಸ್ಸಿಗೆ ಹೋದರು. ಅಂದು ಹನ್ನೆರಡು ಗಂಟೆಗೆ ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಹನ್ನೆರಡು ಕಳೆಯಿತು, ಮಿಷಿನ್ನು ಓಡುತ್ತಲೇ ಇತ್ತು. ಮುಗಿಯಿತು ಅಂದುಕೊಂಡು ಒದ್ದೆ ಬಟ್ಟೆ ಹುಡುಕಲು ತಿರುಗಿದೆ. ಆಗ ಸದ್ದು ನಿಂತಿತು. ಹೊರಗೆ ಸ್ವಿಚ್ಚಿನ ಹತ್ತಿರ ಶ್ರೀನಿವಾಸಲು ತಾವೇ ನಿಂತಿದ್ದರು. ಕಿಟಕಿಯ ಕಡೆ ನೋಡದೆ ಹೊರಟುಹೋದರು.

ಆಮೇಲೆ ಫೋನಿನಲ್ಲಿ ಆಗಾಗ ಮಾತು. ಅಂಚೆಟ್ಟಿಗೆ ಹೋಗಲು ನಮಗೆ ಸಾಧ್ಯವಾದದ್ದು ಮಗಳು ಶಾಲೆಗೆ ಸೇರಿದ ಮೇಲೆ. ಬಸ್ಸಿಳಿದು ಬಹಳ ದೂರ ನಡೆಯಬೇಕು. ತೆಳ್ಳನೆಯ ವಾಯಿಲ್ ಸೀರೆಯಲ್ಲಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಮುದುಕಿ ಇವರೇ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ತುಂಬ ಸೊರಗಿದ್ದರು. ಎರಡು ಮಾತಾಡಿದರೆ ಏದುಸಿರು. ಮಗಳು ಮೊದಲು ನನ್ನ ಬೆನ್ನಿಗೆ ಅಂಟಿಕೊಂಡವಳು ಕಾಳು ಕಂಡು ಹತ್ತಿರ ಹೋಗಿ ಸುಲಿಯಲು ಕೂತಳು. ಊಟವಾದ ಮೇಲೆ, ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. "ಅಕ್ಕಾ, ನಮ್ಮಿಂದ ನಿಮ್ಮ ಕೆಲಸ ಹೋಯ್ತು. ನೆನೆಸಿಕೊಂಡ್ರೆ ಸಂಕಟ ಆಗುತ್ತೆ."

"ಹೂವಿನ್ ಕೆಲ್ಸ ಹೋಯ್ತು. ನನ್ ತಪ್ಪಿಗೆ ಹೋಯ್ತು," ಎಂದರು ಸುಲಿಯುವುದನ್ನು ನಿಲ್ಲಿಸದೆ. "ಮಗಿನ್ ಕೆಲ್ಸ ನಡೀತಾ ಐತಾ, ಅದೇಳು."

ನಡೆಯುತ್ತಿದೆ ಎಂದೆ. ಈಗ ಬಾಗಿಲಿಗೆ ಹೊಸಬ ಬಂದಿದ್ದಾನೆ, ಅವನಿಗೆ ಕಾರಣ ಗೊತ್ತಿಲ್ಲ, ಆದರೂ ಹನ್ನೆರಡಕ್ಕೆ ನಿಲ್ಲಿಸುತ್ತಾನೆ ಎಂದೆ. ನಮ್ಮ ಮಗಳು ಮಧ್ಯಾಹ್ನ ಶಾಲೆಯಲ್ಲಿರುತ್ತಾಳೆ. ಆದರೆ ಪಕ್ಕದ ಮನೆಗೆ ತಿರುಪತ್ತೂರಿನ ಕಡೆಯ ಸಂಸಾರ ಬಂದಿದೆ, ಅವರಿಗೊಂದು ಎಳೆ ಕೂಸಿದೆ, ಆ ಹೊತ್ತಿನಲ್ಲಿ ಅದು ಮಲಗುತ್ತದೆ ಎಂದೆ.

ಅಕ್ಕನ ಕೈ ನಿಂತಿತು. ಮುಖವೆಲ್ಲ ಅರಳಿತು. "ಹೆಸ್ರೇನು?"

ನನಗೆ ಗೊತ್ತಿರಲಿಲ್ಲ. ಅವರು ಬಂದು ವಾರವೂ ಆಗಿರಲಿಲ್ಲ. "ಗೋಡೆ ಪಕ್ಕ ಇರೋ ಮಗಿನ್ ಹೆಸ್ರು ಗೊತ್ತಿಲ್ವಾ ನಿಂಗೆ? ಹೋದೇಟ್ಗೆ ಕೇಳಿ ಫೋನ್ ಮಾಡು," ಎಂದು ಬೈದರು.

ಅಂದೇ ಸಂಜೆ ಮತ್ತಿಗಿರಿಗೆ ಬಂದವಳು ಮನೆಯ ಬೀಗವನ್ನೂ ತೆಗೆಯದೆ ಪಕ್ಕದ ಬಾಗಿಲು ತಟ್ಟಿ ಕೇಳಿದೆ. ಅಲ್ಲೇ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದೆ.

"ನಿಲಾ ಅಂತೆ ಅಕ್ಕಾ. ಹೆಣ್ಣು ಮಗು."

ಆ ಕಡೆ ಏದುಸಿರು ಕೇಳುತ್ತಿತ್ತು. "ನಿಲಾ," ಎಂದರು. ತೊಟ್ಟಿಲ ಹತ್ತಿರ ಕೂತು ಕರೆಯುವವರ ಹಾಗೆ ಮೆಲ್ಲಗೆ ಇನ್ನೊಮ್ಮೆ, "ನಿಲಾ." ಅಷ್ಟರಲ್ಲಿ ಸಿಗ್ನಲ್ ಹೋಯಿತು. ಆ ಗುಡ್ಡಗಳಲ್ಲಿ ಅದು ಯಾವಾಗಲೂ ಹಾಗೇ, ಮತ್ತೆ ಮಾಡಿದರೂ ಸಿಗಲಿಲ್ಲ.

ಎರಡು ದಿನ ಬಿಟ್ಟು ಅವರ ತಮ್ಮ ಫೋನು ಮಾಡಿ, "ಅಕ್ಕ ಹೋಗ್ಬುಟ್ಲಮ್ಮ," ಎಂದ. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು, ಅವರು ಕಣ್ಣಲ್ಲಿ ನೋಡದ ಒಂದು ಮಗುವಿನ ಹೆಸರು.